ಚೀಟಿಯಲ್ಲಿ ಬರೆಯದೇ ಬಿಟ್ಟದ್ದು

ಮಾಜಾಳಿಯ ಗಂಗಿ ಸಮುದ್ರಕ್ಕೆ ಹೆದರಿದವಳಲ್ಲ, ಮೀನುಪೇಟೆಯ ಜಗಳಕ್ಕೂ ಹೆದರಿದವಳಲ್ಲ. ಇಪ್ಪತ್ತೈದು ವರ್ಷ ಒಣಮೀನಿನ ಬುಟ್ಟಿ ಹೊತ್ತು ಕಾರವಾರದ ಬೀದಿಬೀದಿ ತಿರುಗಿದ ಹೆಂಗಸು. ಮೊಣಕಾಲು ಸೋತ ಮೇಲೆ ಬುಟ್ಟಿ ಇಳಿಸಿ, ಮನೆಯಲ್ಲೇ ಚಟ್ನಿ ಪುಡಿ ಕುಟ್ಟಿ ಮಾರತೊಡಗಿದಳು.

ಪಾಕೀಟಿನ ಮೇಲೆ ಚೀಟಿ ಬೇಕು, ಒಳಗೆ ಏನೇನಿದೆಯೆಂದು ಬರೆಯಲೇಬೇಕು, ಕಾನೂನು ಹಾಗಿದೆ ಎಂದು ಸೊಸೆ ಪೂರ್ಣಿಮಾ ಅಂದಾಗ ಗಂಗಿ ಬೆರಳು ಮಡಚಿ ಹೇಳಿದ್ದು ಐದೇ: ಕೊಬ್ಬರಿ, ಮೆಣಸು, ಹುಣಸೆ, ಬೆಳ್ಳುಳ್ಳಿ, ಉಪ್ಪು. ಅಂಗಡಿಯಿಂದ ತರುವ ಸಾಮಾನು ಅಷ್ಟೇ. ಹುರಿದು ಬೆರೆಸುವ ಒಣಸಿಗಡಿ ಅಂಗಳದಲ್ಲೇ ಒಣಗುವಂಥದ್ದು, ಮೀನುಗಾರರ ಮನೆಯಲ್ಲಿ ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪೂರ್ಣಿಮಾಳೂ ಅದೇ ಕೇರಿಯಲ್ಲಿ ಬೆಳೆದವಳು, ಅವಳಿಗೂ ಹೊಳೆಯಲಿಲ್ಲ. ಬುದ್ಧಿವಂತರಿಬ್ಬರೂ ಸೇರಿ ಇನ್ನೂರು ಚೀಟಿ ಅಚ್ಚು ಹಾಕಿಸಿದರು.

ಪುಡಿ ಮಾರುವುದು ಸದಾಶಿವಗಡದ ದತ್ತಾನ ಅಂಗಡಿಯಲ್ಲಿ, ಗೋವಾ ರಸ್ತೆಯ ಬದಿಗೆ. ದತ್ತಾ ಮೀನು ಮುಟ್ಟದ ಮನುಷ್ಯ, ಪಾಕೀಟು ಬಿಚ್ಚಿ ನೋಡಿದವನಲ್ಲ. ಬೆಳ್ಳುಳ್ಳಿ ಜೋರಾಗಿರುವುದರಿಂದ ವಾಸನೆಯೂ ಹತ್ತದು. ಮೊನ್ನೆ ಮಧ್ಯಾಹ್ನ ಗಂಗಿ ಹೊಸ ಪಾಕೀಟು ಕೊಡಲು ಹೋದಾಗ ಅವನು ಕೆಂಡವಾಗಿದ್ದ. ಹುಬ್ಬಳ್ಳಿಯ ಹೆಂಗಸೊಬ್ಬಳು ಅವನ ಗೋಡಂಬಿಯ ಮೇಲೆ ದೂರು ಕೊಡುತ್ತಾಳಂತೆ. ಅವಳ ಮಗಳಿಗೆ ಸಿಗಡಿ ಆಗಿಬರುವುದಿಲ್ಲ. ಇಲ್ಲಿಂದ ಗೋಡಂಬಿ, ಚಟ್ನಿ ಪುಡಿ ಒಯ್ದ ಮರುದಿನವೇ ಗಂಟಲು ಬಾತು, ಉಸಿರು ಸಿಗದೆ, ಎರಡು ದಿನ ಆಸ್ಪತ್ರೆಯಲ್ಲಿದ್ದಳಂತೆ. ಗೋಡಂಬಿಯನ್ನು ಸಿಗಡಿಯ ಚೀಲದ ಹತ್ತಿರ ಇಟ್ಟಿರಬೇಕೆಂದು ಆ ತಾಯಿಯ ವಾದ.

ಗಂಗಿ ಅಕ್ಕಿಚೀಲದ ಮೇಲೆ ಕೂತಳು. ಪೊಲೀಸು, ಕೋರ್ಟು, ಪೇಪರಿನಲ್ಲಿ ಹೆಸರು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಈವರೆಗೆ ಮಾರಿದ ಪಾಕೀಟುಗಳು ಯಾರ ಯಾರ ಮನೆಯಲ್ಲಿವೆಯೋ. ಬಾಯಿ ಮುಚ್ಚಿಕೊಂಡು ಎದ್ದು ಹೋದರೆ ತಪ್ಪು ದತ್ತಾನ ಗೋಡಂಬಿಯ ತಲೆಗೇ ಕಟ್ಟಿಕೊಳ್ಳುತ್ತದೆ. ಹಾಗೇ ಎದ್ದು ಹೋಗೋಣವೆಂದೂ ಅವಳು ಯೋಚಿಸಿದಳು, ಇಲ್ಲವೆಂದರೆ ಸುಳ್ಳಾಗುತ್ತದೆ. ಬುಟ್ಟಿಯ ಕಾಲದಲ್ಲಿ ಗಿರಾಕಿಗಳು ಕೇಳುತ್ತಿದ್ದರು, ಇವಳು ಹೇಳುತ್ತಿದ್ದಳು. ಈಗ ಹೇಳುವುದು ಚೀಟಿಯ ಕೆಲಸವಾಗಿತ್ತು.

ಅಷ್ಟರಲ್ಲಿ ದತ್ತಾ ಹೇಳಿದ: "ನಿನ್ನ ಪುಡಿ ಮೇಲೆ ನಂಗೆ ಭರವಸೆ ಅದೆ ಗಂಗಕ್ಕ. ಅವಳಿಗೆ ಸಮಾಧಾನ ಆಗ್ಲಿ ಅಂದ್ಕಂಡು ಎರಡು ಪಾಕೀಟು ಪುಕ್ಕಟೆ ಕಳ್ಸ್ದೆ. ಬರೀ ಅನ್ನಕ್ಕೆ ಕಲಸಿ ಕೊಡಿ, ಎಂತಾ ಆಗೂದಿಲ್ಲ ಅಂದೆ. ಇವತ್ತು ಮುಟ್ಟಿರ್ತದೆ."

ಗಂಗಿ ಚೀಲದಿಂದ ಎದ್ದಳು. ಅವಳಿಗೆ ಫೋನು ಹಚ್ಚು ಎಂದಳು. ಯಾಕೆಂದು ಕೇಳಿದ್ದಕ್ಕೆ ಸಿಗಡಿಯ ವಿಷಯ ಹೇಳಿದಳು. ದತ್ತಾನ ಮುಖ ಬಿಳಿಚಿತು. ಮಾಡಿದವಳು ನೀನು, ಮಾರಿದವನು ನಾನು, ಇಬ್ಬರೂ ಸಿಕ್ಕಿಬೀಳುತ್ತೇವೆ ಎಂದು ತೊದಲಿದ. ತೊದಲುತ್ತಲೇ ನಂಬರು ಒತ್ತಿದ.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಗಂಗಿ ಗೋಡೆಯ ಗಡಿಯಾರ ನೋಡಿದಳು, ಊಟದ ಹೊತ್ತು. ಅವಳಿಗೆ ಅಳು ಬಂತು. ಮೂರನೇ ಸಲ ಆ ತಾಯಿ ಎತ್ತಿ, ಮಗಳಿಗೆ ಬಡಿಸುತ್ತಿದ್ದೇನೆ, ಆಮೇಲೆ ಮಾಡಿ ಎಂದಳು.

"ಆ ಪುಡಿ ಕೊಡ್ಬೇಡಿ ತಾಯಿ," ಎಂದಳು ಗಂಗಿ. "ಅದ್ರಲ್ಲಿ ಸಿಗಡಿ ಅದೆ. ಮಾಡ್ದವಳು ನಾನು."

ಅತ್ತ ತಟ್ಟೆ ಎಳೆದ ಸದ್ದು. ಇನ್ನೂ ಒಂದು ತುತ್ತೂ ತಿಂದಿಲ್ಲವೆಂದು ಹುಡುಗಿ ಗೊಣಗಿದ್ದು ಇತ್ತ ಕೇಳಿತು. ಆಮೇಲೆ ಆ ತಾಯಿ, ಹಾಗಾದರೆ ದೂರಿನಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದಳು.

ದತ್ತಾ ಬೇಡ ಬೇಡವೆಂದು ಕೈಯಾಡಿಸುತ್ತಿದ್ದ. ಗಂಗಿ ತನ್ನ ಹೆಸರು, ಗಂಡನ ಹೆಸರು, ಮನೆಯ ನಂಬರು ಬಿಡಿಸಿ ಬಿಡಿಸಿ ಹೇಳಿದಳು. ಬರ್ಕಂಡ್ರಾ ಎಂದು ಕೇಳಿದಳು.