ಕ್ರೇನ್ ಅಕ್ಕನ ಬಿ.ಪಿ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಕ್ಕಿನ ಹಲಗೆಗಳನ್ನು ಲಾರಿಗೆ ಏರಿಸುವ ಯಾರ್ಡಿನಲ್ಲಿ ಹದಿನಾರು ವರ್ಷದಿಂದ ನೆಲದ ಮೇಲೆ ನಿಂತು ಕ್ರೇನಿಗೆ ಕೈಸನ್ನೆ ಕೊಡುವ ಕೆಲಸ ನನ್ನದು. ಅಲ್ಲಿ ಎಷ್ಟು ಅರಚಿಕೊಂಡರೂ ಮೇಲಿನವರಿಗೆ ಕೇಳಿಸುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಹಾಗಾಗಿ ಬಾಯಿಯ ಸಿಟ್ಟನ್ನೆಲ್ಲ ಕೆಳಗಿನವರ ಮೇಲೆ ತೀರಿಸಿಕೊಳ್ಳುತ್ತೇನೆ. ಲಾರಿ ಡ್ರೈವರು, ಮೇಸ್ತ್ರಿ, ಗೇಟಿನವನು ಯಾರನ್ನೂ ಬಿಟ್ಟವನಲ್ಲ. ನಾನು ಬೈಯದೆ ಉಳಿದವರು ಇಬ್ಬರೇ, ನನ್ನ ಹೆಂಡತಿ ಮತ್ತು ಕ್ರೇನ್ ಅಕ್ಕ. ಹೆಂಡತಿಯನ್ನು ಬೈಯಲು ಧೈರ್ಯವಿರಲಿಲ್ಲ. ಅಕ್ಕನನ್ನು ಬೈಯಲು ಕಾರಣ ಸಿಕ್ಕಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಯಾರ್ಡಿನ ಕ್ರೇನ್ ನಡೆಸುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಹನ್ನೆರಡು ಟನ್ನಿನ ಹಲಗೆಯನ್ನು ಅವರು ಲಾರಿಯ ಮೇಲೆ ಇಳಿಸಿದರೆ, ಮುಂದೆ ನಿದ್ದೆ ಹೋಗಿದ್ದ ಡ್ರೈವರಿಗೆ ಎಚ್ಚರವಾಗುತ್ತಿರಲಿಲ್ಲ. ಉತ್ಪ್ರೇಕ್ಷೆಯಲ್ಲ, ಕಣ್ಣಾರೆ ಕಂಡಿದ್ದೇನೆ. ಹೋಗಿ ತಟ್ಟಿ ಎಬ್ಬಿಸಿ, "ಏಳಯ್ಯಾ ಕುಂಭಕರ್ಣ, ಲೋಡ್ ಆಯ್ತು" ಅನ್ನಬೇಕಾಗುತ್ತಿತ್ತು.

ಅಕ್ಕನ ತೂಕ ನೂರ ಇಪ್ಪತ್ತೊಂದು ಕಿಲೋ. ಕ್ಯಾಬಿನ್ನಿಗೆ ನೆಟ್ಟಗೆ ನಿಂತ ಕಬ್ಬಿಣದ ಏಣಿ, ಅರವತ್ತನಾಲ್ಕು ಮೆಟ್ಟಿಲು, ಬೀಳದಿರಲೆಂದು ಸುತ್ತ ಕಬ್ಬಿಣದ ಬಳೆಗಳು. ಅಕ್ಕನ ಭುಜ ಉಜ್ಜಿ ಉಜ್ಜಿ ಆ ಬಳೆಗಳ ಬಣ್ಣವೇ ಹೋಗಿತ್ತು. ಒಮ್ಮೆ ಹೊಸಬನೊಬ್ಬ ಹಲ್ಲು ಕಿರಿದು, "ಅಕ್ಕಾ, ಏಣಿ ಮುರಿದೀತು" ಅಂದ. ಅಕ್ಕ ಮೇಲಿನಿಂದಲೇ, "ಮುರಿದ್ರೆ ನಿನ್ನ ಮೇಲೇ ಬೀಳ್ತೀನಿ ಕಣಪ್ಪಾ. ಸಾಯೋವಾಗ ಒಳ್ಳೆ ಜೊತೆ ಸಿಕ್ತು ಅಂದ್ಕೋ" ಅಂದರು. ಅವನು ಆಮೇಲೆ ತೂಕದ ಮಾತೆತ್ತಲಿಲ್ಲ.

ಆದರೆ ಕಂಪನಿ ಡಾಕ್ಟರ ಮುಂದೆ ಇಂಥ ಮಾತು ನಡೆಯುವುದಿಲ್ಲವಲ್ಲ. ವರ್ಷಕ್ಕೊಮ್ಮೆ ಮೇಲೆ ಹತ್ತುವವರ ತಪಾಸಣೆ. ಬಿ.ಪಿ. ಪಟ್ಟಿ ಅಕ್ಕನ ತೋಳಿಗೆ ಸಾಲದೆ ದೊಡ್ಡದೊಂದನ್ನು ತರಿಸಿದರು. ನೂರ ಎಪ್ಪತ್ತೆರಡಕ್ಕೆ ನೂರೆಂಟು. ಅದೂ ದಿನಕ್ಕೆ ಮೂರು ಬಗೆಯ ಮಾತ್ರೆ ನುಂಗುತ್ತಿದ್ದಾಗ.

"ಮೇಲೆ ಕೂತಾಗ ನಿಮಗೇನಾದ್ರೂ ಆದ್ರೆ ಇಳಿಸೋರು ಯಾರಮ್ಮಾ?" ಎಂದು ಡಾಕ್ಟರು ಅಕ್ಕನಿಗೆ ಏಣಿ ಹತ್ತದಂತೆ ಅಲ್ಲಿಗೇ ತಡೆ ಹಾಕಿದರು. ಕಂಪನಿಯ ನಿಯಮದ ಪ್ರಕಾರ ಒಂದು ವರ್ಷದ ಗಡುವು. ಅಷ್ಟರೊಳಗೆ ಬಿ.ಪಿ. ಹದಕ್ಕೆ ಬಂದರೆ ಕ್ಯಾಬಿನ್ ಮತ್ತೆ ಅವರದ್ದು. ಬಾರದಿದ್ದರೆ ನಿವೃತ್ತಿಯವರೆಗೂ ಸ್ಟೋರಿನಲ್ಲಿ ಕೈಗವಸು ಹಂಚುತ್ತ ಕೂರಬೇಕು. ಇಪ್ಪತ್ತೆರಡು ವರ್ಷ ಆಕಾಶದಲ್ಲಿ ಕೂತ ಹೆಂಗಸನ್ನು ಕಿಟಕಿಯಿಲ್ಲದ ಕೋಣೆಗೆ ಹಾಕಿದರು. ನನಗೆ ಹೊಟ್ಟೆ ಉರಿದುಹೋಯಿತು.

ಅಕ್ಕ ಅತ್ತುಕೊಂಡು ಕೂರುವ ಪೈಕಿಯಲ್ಲ. ಮೊದಲ ವಾರವೇ ಸ್ಟೋರಿನಲ್ಲಿದ್ದ ಭಾರ ಎತ್ತುವ ಬೆಲ್ಟುಗಳನ್ನೆಲ್ಲ ನೆಲಕ್ಕೆ ಹರವಿ ಒಂದೊಂದನ್ನೂ ಬೆರಳಿನಲ್ಲಿ ತಡವಿ ನೋಡಿದರು. ನೂಲು ಬಿಟ್ಟವನ್ನು ಯಾರೂ ಮತ್ತೆ ಬಳಸದಂತೆ ಚಾಕುವಿನಿಂದ ಎರಡು ತುಂಡು ಮಾಡಿ ಎಸೆದರು. ಇತ್ತ ಅವರ ಜಾಗಕ್ಕೆ ಬಂದವನು ಭಾರ ಎತ್ತಿದರೆ ಅದು ಅತ್ತಿಂದಿತ್ತ ತೂಗಾಡುತ್ತಿತ್ತು. ಜೋಕಾಲಿ ಎಂದು ಹೆಸರಿಟ್ಟೆ. ದಿನಾ ಜೀವ ಕೈಯಲ್ಲಿ ಹಿಡಿದುಕೊಂಡು ಅವನಿಗೆ ಸನ್ನೆ ಕೊಟ್ಟೆ.

ಪಥ್ಯ, ನಡಿಗೆ, ಉಪವಾಸ ಎಲ್ಲವನ್ನೂ ಅಕ್ಕ ಹತ್ತು ವರ್ಷದಿಂದ ಮಾಡುತ್ತ ಬಂದಿದ್ದರು. ಐದು ಕಿಲೋ ಇಳಿದರೆ ಏಳು ಏರುತ್ತಿತ್ತು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೊಟ್ಟೆಯ ಬಹುಭಾಗ ತೆಗೆದು, ಬಾಳೆಹಣ್ಣಿನ ಗಾತ್ರದ ಚೀಲದಷ್ಟು ಉಳಿಸುತ್ತಾರೆ. ತೂಕ ಇಳಿದರೆ ಬಿ.ಪಿ. ಕೂಡ ಇಳಿಯುವುದುಂಟು, ಆದರೆ ಅದಕ್ಕೆ ಭಾಷೆ ಕೊಡಲಾಗದು. ಮತ್ತೆ ಇಷ್ಟು ಬಿ.ಪಿ. ಇಟ್ಟುಕೊಂಡು ಮತ್ತಿನ ಮದ್ದು ಕೊಡುವುದೂ ಅಪಾಯವೇ, ಮೊದಲು ಅದನ್ನು ಹಿಡಿತಕ್ಕೆ ತರಬೇಕು.

ಅಕ್ಕನ ಗಂಡ ಗಡಿಯಾರ ರಿಪೇರಿ ಮಾಡುವವರು, ನನಗೆ ಭಾವ. ಮಾತು ಕಡಿಮೆ. "ನನಗೆ ನೀನು ಹೀಗೇ ಇದ್ರೂ ಸಾಕು" ಎಂದರು, ಕಣ್ಣಿಗೆ ಸಿಕ್ಕಿಸಿದ ಭೂತಗಾಜನ್ನೂ ತೆಗೆಯದೆ.

"ನಿಮಗೆ ಸಾಕು ರೀ. ಕ್ಯಾಬಿನ್ನಿಗೆ ಸಾಲ್ದು" ಎಂದರು ಅಕ್ಕ.

ಸುದ್ದಿ ಹರಡಿದ್ದೇ ತಡ, ಎಲ್ಲರೂ ಮೂಗು ತೂರಿಸಿದರು. ಅಕ್ಕನ ನಾದಿನಿ ಬಿಸಿನೀರು ಕುಡಿ ಅಂದಳು, ಪಕ್ಕದ ಮನೆಯವರು ಬೇಡವೇ ಬೇಡ ಅಂದರು. ಅಕ್ಕ ಎಲ್ಲರ ಮಾತಿಗೂ ನಕ್ಕು ಡಾಕ್ಟರಮ್ಮನ ಮಾತೊಂದನ್ನೇ ಕೇಳಿದರು. ನಮ್ಮ ಕೆಲಸದ ನಿಯಮವೇ ಹಾಗೆ. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ ಎಂದು ಸನ್ನೆ ಕೊಡುವವನು ಒಬ್ಬನೇ, ಬೇರೆಯವರು ಕೈ ಆಡಿಸಿದರೆ ಕ್ರೇನಿನವರು ಕ್ಯಾರೇ ಅನ್ನಬಾರದು. ಆದರೆ ನಿಲ್ಲಿಸು ಎಂದು ಯಾರೇ ಕೈ ತೋರಿಸಲಿ, ಕಸ ಗುಡಿಸುವವನೇ ಆಗಲಿ, ಆ ಕ್ಷಣವೇ ನಿಲ್ಲಿಸಬೇಕು.

ಇದೇ ನಿಯಮ ಅಕ್ಕನಿಗೆ ಕೈಕೊಟ್ಟಿತು. ಆಪರೇಷನ್ನಿನ ಹಿಂದಿನ ದಿನ ಸೇರಿಸಿಕೊಂಡರು. ರಾತ್ರಿಯ ಮೇಲೆ ಊಟ ತಿಂಡಿ ಇಲ್ಲ, ಆದರೆ ಬಿ.ಪಿ. ಮಾತ್ರೆಗಳನ್ನು ಮಾತ್ರ ಹೊತ್ತಿಗೆ ಸರಿಯಾಗಿ ಒಂದು ಗುಟುಕು ನೀರಿನಲ್ಲಿ ನುಂಗಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡದ್ದನ್ನು ವಾರ್ಡಿನ ಆಳು ನೋಡಿ, "ಏನೂ ಬಾಯಿಗೆ ಹಾಕ್ಬಾರ್ದು ಅಂದಿಲ್ವಾ? ನಿಲ್ಸಿ!" ಅಂದ. ಅಕ್ಕ ನಿಲ್ಲಿಸಿದರು. ರಾತ್ರಿಯದೂ ಇಲ್ಲ, ಬೆಳಗಿನದೂ ಇಲ್ಲ. ಆಪರೇಷನ್ ಮೇಜಿನ ಮೇಲೆ ಮಲಗಿಸಿ ನೋಡಿದರೆ ನೂರ ತೊಂಬತ್ತಾರಕ್ಕೆ ನೂರ ಹದಿನಾಲ್ಕು. ಆಪರೇಷನ್ ಮಾಡದೆ ಹಾಗೇ ಹೊರಗೆ ಕರೆತಂದರು.

"ಮಾತ್ರೆ ಯಾಕೆ ತಗೊಳ್ಳಿಲ್ಲ?" ಎಂದು ಡಾಕ್ಟರಮ್ಮ ಕೇಳಿದರೆ, "ನಿಲ್ಸಿ ಅಂದ್ರು ಡಾಕ್ಟ್ರೇ, ನಿಲ್ಲಿಸ್ದೆ" ಅಂದರಂತೆ ಅಕ್ಕ. ನಾನು ಆ ಆಳನ್ನು ಹುಡುಕಿ ಬಾಯಿಗೆ ಬಂದಂತೆ ಬೈದೆ, ಕೊನೆಗೆ ಆಸ್ಪತ್ರೆಯ ಕಾವಲಿನವನು ಬಂದು ನನ್ನನ್ನೇ ಹೊರಗೆ ಹಾಕಿದ. ಅಕ್ಕ ಯಾರನ್ನೂ ದೂರಲಿಲ್ಲ. ಗಡುವಿನಲ್ಲಿ ಒಂದು ತಿಂಗಳು ನೀರಿನಲ್ಲಿ ಹೋಮವಾಯಿತು, ಅಷ್ಟೇ. ಮುಂದಿನ ಸಲ ಡಾಕ್ಟರಮ್ಮನ ಕೈಯಲ್ಲೇ ಒಂದು ಚೀಟಿ ಬರೆಸಿ, "ಮಾತ್ರೆ ನುಂಗಲು ಬಿಡಿ" ಎಂದು ಮಂಚಕ್ಕೆ ಅಂಟಿಸಿಕೊಂಡರು. ಆಪರೇಷನ್ ಸುಸೂತ್ರವಾಗಿ ಆಯಿತು. ಭಾವ ಬಾಗಿಲ ಹೊರಗೆ ನಾಲ್ಕು ಗಂಟೆ ನಿಂತೇ ಇದ್ದರು, ಕೂರಿ ಎಂದರೆ ಕೂರಲಿಲ್ಲ.

ಆಮೇಲಿನದು ಸುಲಭ ಎಂದುಕೊಂಡಿರಾ? ಮೊದಲೆರಡು ವಾರ ಚಮಚದಲ್ಲಿ ನೀರು, ತಿಳಿಸಾರು. ಒಂದು ಗುಟುಕು ಹೆಚ್ಚಾದರೆ ಎದೆ ಹಿಡಿದುಕೊಂಡು ವಾಂತಿ. ಬಾಚಿದರೆ ಕೂದಲು ಕಂತೆ ಕಂತೆ ಬರುತ್ತಿತ್ತು. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಉಣ್ಣುವಾಗ ಅಕ್ಕ ಪುಟ್ಟ ಬಟ್ಟಲು ಹಿಡಿದು ಅರ್ಧ ಗಂಟೆ ಅಗಿಯುತ್ತಿದ್ದರು. ನನ್ನ ಡಬ್ಬಿ ಮುಚ್ಚಿಡಲು ಹೋದರೆ, "ತಿನ್ನೋ ಮಾರಾಯ, ನೋಡೋಕಾದ್ರೂ ಬಿಡು" ಎಂದು ನಗುತ್ತಿದ್ದರು. ಐದು ತಿಂಗಳಿಗೆ ಮೂವತ್ತೇಳು ಕಿಲೋ ಇಳಿದರು. ನಾನಾಗಿದ್ದರೆ ಮೂರನೇ ದಿನಕ್ಕೇ ಕೈಚೆಲ್ಲುತ್ತಿದ್ದೆ.

ಗಡುವಿಗೆ ನಾಲ್ಕು ವಾರ ಉಳಿದಿತ್ತು. ಕಂಪನಿ ಡಾಕ್ಟರ ಕೋಣೆಗೆ ಅಕ್ಕನ ಜೊತೆ ನಾನೂ ಹೋದೆ. ಕೂರಿಸಿ ಪಟ್ಟಿ ಕಟ್ಟಿದರು. ನೂರ ಹದಿನೆಂಟಕ್ಕೆ ಎಪ್ಪತ್ತಾರು! ನನಗೆ ಕುಣಿಯುವುದೊಂದು ಬಾಕಿ. ಡಾಕ್ಟರು ಏಣಿ ಹತ್ತಲು ಒಪ್ಪಿಗೆಯ ಠಸ್ಸೆ ಎತ್ತಿಕೊಂಡರು.

"ಸ್ವಲ್ಪ ತಡೀರಿ ಡಾಕ್ಟ್ರೇ" ಎಂದರು ಅಕ್ಕ. "ಕೂತಿದ್ದೋಳು ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ. ನಿನ್ನೆ ಸ್ಟೋರಲ್ಲಿ ಕಪಾಟು ಹಿಡ್ಕೊಂಡು ನಿಂತೆ."

ಡಾಕ್ಟರು ಅವರನ್ನು ನಿಲ್ಲಿಸಿ ಮತ್ತೆ ನೋಡಿದರು. ಮೇಲಿನ ಅಂಕಿ ತೊಂಬತ್ತೆರಡಕ್ಕೆ ಕುಸಿದಿತ್ತು. ತೂಕ ಇಳಿದ ಮೈಗೆ ಮಾತ್ರೆ ಹೆಚ್ಚಾಗಿತ್ತು. ಆಸ್ಪತ್ರೆಯವರು ನಡುವೆ ಒಮ್ಮೆ ಕಡಿಮೆ ಮಾಡಿದ್ದರೂ ಅದು ಸಾಲದಾಗಿತ್ತು. ಡಾಕ್ಟರು ಠಸ್ಸೆ ಕೆಳಗಿಟ್ಟರು. "ಆಸ್ಪತ್ರೇಲಿ ಮಾತ್ರೆ ಬದಲಾಯ್ಸಿ ಮೂರು ವಾರ ನೋಡ್ಬೇಕು. ಬಿ.ಪಿ. ಮತ್ತೆ ಏರಿಬಿಟ್ರೆ ಗಡುವು ಮುಗೀತು. ನನ್ನ ಕೈಯಲ್ಲಿ ಏನೂ ಇಲ್ಲ."

"ಗೊತ್ತು" ಎಂದರು ಅಕ್ಕ.

ಹೊರಗೆ ಬಂದಿದ್ದೇ ನನ್ನ ತಲೆ ಕೆಟ್ಟುಹೋಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಅಕ್ಕನ ಮೇಲೆ ರೇಗಿದೆ. "ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಠಸ್ಸೆ ಎತ್ತಿದ್ರಲ್ಲ! ಒಂದ್ನಿಮಿಷ ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹೊಟ್ಟೆ ಕೊಯ್ಸಿಕೊಂಡ್ರಿ, ವಾಂತಿ ಮಾಡಿಕೊಂಡ್ರಿ, ಎಲ್ಲಾ ಈ ಒಂದು ಠಸ್ಸೆಗೆ ತಾನೇ? ಇನ್ನು ಕೂತ್ಕೊಳ್ಳಿ, ಸಾಯೋತನಕ ಕೈಗವಸು ಹಂಚ್ಕೊಂಡು!"

ಹೋಗಿ ಬರುವವರೆಲ್ಲ ನಿಂತು ನೋಡುತ್ತಿದ್ದರು. ಅಕ್ಕ ನಾನು ಉಸಿರು ತೆಗೆದುಕೊಳ್ಳುವವರೆಗೂ ಕಾದರು.

"ಮುಗೀತಾ?"

"ಮುಗೀತು."

"ಮೇಲೆ ನನಗೆ ಕಣ್ಣು ಕತ್ತಲೆ ಬಂದ್ರೆ ನಾನು ಕುರ್ಚೀಲೇ ಇರ್ತೀನಿ ಕಣೋ, ನನಗೇನಾಗಲ್ಲ. ಕೊಕ್ಕೆ ಕೆಳಗೆ ನಿಂತಿರೋನು ನೀನು."

ಅಕ್ಕ ಸ್ಟೋರಿಗೆ ಹೋಗಿ ಬಾಗಿಲು ತೆರೆದರು.

ಆ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಡಾಕ್ಟರಮ್ಮ ಎರಡು ಮಾತ್ರೆ ನಿಲ್ಲಿಸಿ ಒಂದನ್ನೇ ಉಳಿಸಿದರು. ಅಕ್ಕ ದಿನಕ್ಕೆರಡು ಸಲ ಕೂತು ಒಮ್ಮೆ, ನಿಂತು ಒಮ್ಮೆ ಬಿ.ಪಿ. ನೋಡಿ ಬರೆದಿಟ್ಟರು. ಎರಡನೇ ವಾರ ಅಂಕಿ ನೂರ ನಲವತ್ತೆರಡಕ್ಕೆ ಏರಿತು. ಅಕ್ಕ ಅದನ್ನೂ ಮುಚ್ಚಿಡದೆ ಬರೆದರು. ಕೊನೆಗೆ ಮತ್ತೆ ಇಳಿಯಿತು. ಗಡುವಿಗೆ ಐದು ದಿನವಿರುವಾಗ ಕಂಪನಿ ಡಾಕ್ಟರು ಕೂರಿಸಿ ನೋಡಿದರು, ನಿಲ್ಲಿಸಿ ನೋಡಿದರು, ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದರು. ಆಮೇಲೆ ಠಸ್ಸೆ ಹೊಡೆದರು.

ಮಾರನೆಯ ಬೆಳಿಗ್ಗೆ ಅಕ್ಕ ಏಣಿ ಹತ್ತಿದರು. ಜೋಕಾಲಿಯೇ ಕ್ಯಾಬಿನ್ನಿನ ಗಾಜು ಒರೆಸಿಟ್ಟು ಇಳಿದಿದ್ದ, ಪಾಪ, ಕೆಟ್ಟವನಲ್ಲ. ಮೊದಲ ಭಾರ ಒಂಬತ್ತು ಟನ್. ನಾನು ಕೈಯೆತ್ತಿದೆ, ಹಲಗೆ ಅಲುಗದೆ ಮೇಲೆದ್ದಿತು. ನನಗೆ ಕಣ್ಣು ಮಂಜಾಗಿ ಇನ್ನೊಂದು ಕೈಯಲ್ಲಿ ಒರೆಸಿಕೊಂಡೆ.

ಅವತ್ತು ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಕ್ಕನ ಮೇಲೆ ರೇಗಿದ್ದಕ್ಕೆ ನಾಚಿಕೆಯಾಗಿ ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ತಿರುಗಿ ನಿಂತು ಕೇಳಿಸಿಕೊಂಡಳು.

"ಭಾನುವಾರ ಅವರನ್ನ ಊಟಕ್ಕೆ ಕರೀರಿ."

"ಅವರು ಈಗ ಒಂದು ಬಟ್ಟಲು ತಿಂದ್ರೆ ಹೆಚ್ಚು ಕಣೇ."

"ಒಂದೇ ತುತ್ತು ತಿನ್ಲಿ" ಅಂದಳು. "ಇಷ್ಟು ವರ್ಷ ನಿಮ್ಮನ್ನ ದಿನಾ ಸಂಜೆ ಮನೆಗೆ ಕಳಿಸಿಕೊಟ್ಟಿದ್ದು ಅವರೇ ಅಲ್ವೇನ್ರೀ?"