ಅವ್ವನಿಗೆ ಬೆನ್ನು ತೋರಿಸಬಾರದು

ನನ್ನ ಬೆನ್ನಿಗೆ ದೋಷವಿದೆ ಎಂದು ತೀರ್ಮಾನವಾದದ್ದು ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮನ ಆಳ್ವಿಕೆ ಕೊನೆಗೊಂಡ ವರ್ಷದ ಚಳಿಗಾಲದಲ್ಲಿ. ಆಗ ನಾವು ಮಸ್ಕಿಯಲ್ಲಿದ್ದೆವು. ಗುಡ್ಡದ ಬುಡದ ಓಣಿಯಲ್ಲಿ ಅಪ್ಪನದೊಂದು ಸಣ್ಣ ಕಿರಾಣಿ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ಮತ್ತೆ ನಾನು. ನನ್ನ ಬೆನ್ನಿಗೆ ಹುಟ್ಟಿದ ತಮ್ಮಂದಿರಿಬ್ಬರೂ ಹುಟ್ಟಿದ ವಾರದೊಳಗೇ ತೀರಿಕೊಂಡಿದ್ದರು.

ಮೊದಲನೆಯವನ ನೆನಪು ನನಗಿಲ್ಲ. ಎರಡನೆಯವನದು ಇದೆ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಒಂದು ಬೆಳಿಗ್ಗೆ ಬಾಯಿ ತೆರೆಯಲಿಲ್ಲ. ಅವ್ವ ಬೆರಳಿನಿಂದ ತುಟಿ ಬಿಡಿಸಿದರೂ ದವಡೆ ಸಡಿಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಮೈ ಹಿಂದಕ್ಕೆ ಬಿಲ್ಲಿನಂತೆ ಬಾಗತೊಡಗಿತು. ಯಾರಾದರೂ ಮುಟ್ಟಿದರೆ, ಹೊರಗೆ ಬಾಗಿಲು ಸಪ್ಪಳವಾದರೆ, ಇನ್ನಷ್ಟು ಬಾಗುತ್ತಿತ್ತು. ಅಜ್ಜಿ ವಿಭೂತಿ ಹಚ್ಚಿದಳು, ಮೆಣಸಿನಕಾಯಿಯಿಂದ ದೃಷ್ಟಿ ಇಳಿ ತೆಗೆದಳು, ಕೊನೆಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.

ಅದಾದ ಕೆಲವು ದಿನಕ್ಕೆ ಓಣಿಗೆ ಬುಡಬುಡಿಕೆಯವನು ಬಂದ. ಅಜ್ಜಿ ಮೊರದಲ್ಲಿ ಜೋಳ ತಂದಳು. ನಾನು ಅವಳ ಸೀರೆ ಹಿಡಿದು ನಿಂತಿದ್ದೆ. ಅವನು ನನ್ನನ್ನು ನೋಡಿ, "ಹಿರಿ ಮಗಳ ಬೆನ್ನಾಗ ಸೆಳೆತ ಐತಿ ತಾಯಿ. ಹಿಂದ ಹುಟ್ಟಿದ್ದನ್ನ ಎಳಕೊಳ್ತೈತಿ" ಅಂದ.

ಅಜ್ಜಿ ಮೊರದ ಜೋಳವನ್ನೆಲ್ಲ ಅವನ ಜೋಳಿಗೆಗೆ ಸುರಿದಳು. ಕೂಸಿನ ಮೈ ಬೆನ್ನ ಕಡೆಗೇ ಬಾಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳಲ್ಲ. ಅವತ್ತು ಅವಳಿಗೆ ಎಲ್ಲವೂ ಸರಿಯಾಗಿ ಹೊಂದಿಕೆಯಾಯಿತು.

ಅಂದಿನಿಂದ ನನಗೆ ಕಟ್ಟಳೆಗಳು ಶುರುವಾದವು. ಅವ್ವನಿಗೆ ನನ್ನ ಬೆನ್ನು ಕಾಣಬಾರದು. ಅವ್ವ ಇರುವ ಕೋಣೆಯಿಂದ ಹೊರಗೆ ಹೋಗುವಾಗ ಅವಳ ಕಡೆ ಮುಖ ಮಾಡಿ ಹಿಂದಹಿಂದಕ್ಕೆ ನಡೆಯಬೇಕು. ಮಲಗುವಾಗ ಬೆನ್ನು ಗೋಡೆಗೆ ಹತ್ತಿಸಿಕೊಳ್ಳಬೇಕು. ಅವ್ವ ನನಗೆ ನೀರು ಎರೆಯಬಾರದು, ತಲೆ ಬಾಚಬಾರದು, ಯಾಕೆಂದರೆ ಮಗಳ ತಲೆ ಬಾಚುವವಳಿಗೆ ಕಾಣುವುದು ಬೆನ್ನೇ. ಹೊಸ್ತಿಲು ನನ್ನ ಹಿಮ್ಮಡಿಗೆ ಬಡಿದು ಬಡಿದು ಅಲ್ಲಿಯ ಚರ್ಮ ಗಟ್ಟಿಯಾಯಿತು.

ಅಜ್ಜಿ ಕೆಟ್ಟವಳಾಗಿರಲಿಲ್ಲ. ಅಂಗಡಿಯಿಂದ ಬೆಲ್ಲದ ಹೆಂಟೆ ತಂದು ನನ್ನ ಕೈಗೆ ಕೊಟ್ಟು, "ತಿನ್ನವ್ವ, ನಿನ್ನ ತಪ್ಪೇನೈತಿ ಇದ್ರಾಗ" ಅನ್ನುತ್ತಿದ್ದಳು. ಹಾಗೆ ಅಂದು ಮರುಗಳಿಗೆಯಲ್ಲೇ, "ತಿರುಗಬ್ಯಾಡ, ಹಂಗ ಹೋಗು" ಎಂದು ಬಾಗಿಲ ಕಡೆ ಕೈ ಮಾಡುತ್ತಿದ್ದಳು.

ನನ್ನ ತಲೆ ಬಾಚುವ ಕೆಲಸ ಪಕ್ಕದ ಮುಸಲ್ಮಾನರ ಮನೆಯ ಖಾಲಾಗೆ ಬಿತ್ತು. ಚಿಕ್ಕಮ್ಮನಿಗೆ ಅವರಲ್ಲಿ ಖಾಲಾ ಅನ್ನುತ್ತಾರೆ. ಅವರ ಗಂಡ ದರ್ಜಿ. ಅವರಿಗೆ ಮಕ್ಕಳಿರಲಿಲ್ಲ. ಗಲಾಟೆಯ ದಿನಗಳಲ್ಲಿ ಅವರ ಬಂಧುಗಳು ಬಹಳ ಜನ ಹೈದರಾಬಾದಿನ ಕಡೆ ಹೋದರೂ ಇವರು ಮಾತ್ರ ಉಳಿದಿದ್ದರು. ಖಾಲಾ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ಅವರದೂ ಬೇರೆ ಕಟ್ಟಳೆಗಳಿದ್ದವು. ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ತುರುಕಬೇಕು. ಹೊತ್ತು ಮುಳುಗುವಾಗ ಜಡೆ ಬಿಚ್ಚಬಾರದು.

"ಮಗ್ರಿಬ್ ಹೊತ್ತಿನ್ಯಾಗ ಕೂದಲ ಬಿಟ್ಕೊಂಡು ಹುಣಸಿಮರದ ಕೆಳಗ ಹೋಗಬ್ಯಾಡ ಬೇಟಿ. ಜಿನ್ ಹಿಡಿತಾವ."

"ಅಲ್ಲಿ ದೆವ್ವ ಐತಿ ಅಂತಾಳ ನಮ್ಮ ಅಜ್ಜಿ."

"ಇರಬೋದು. ದೊಡ್ಡ ಮರ ಐತೆಲ್ಲ" ಅಂದು ಖಾಲಾ ಜಡೆ ಬಿಗಿದರು.

ಅವ್ವ ಮತ್ತೆ ಬಸುರಿಯಾದಾಗ ನನಗೆ ಒಂಬತ್ತೋ ಹತ್ತೋ ವರ್ಷ. ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ. ಎಲ್ಲರೂ ಮುಂಚೆಯೇ ದಣಿದವರಂತೆ ಇದ್ದರು. ಅಜ್ಜಿ ಸೋಮವಾರಕ್ಕೊಮ್ಮೆ ನನ್ನನ್ನು ಗುಡ್ಡದ ಮಲ್ಲಯ್ಯನ ಗುಡಿಗೆ ಹತ್ತಿಸುತ್ತಿದ್ದಳು. ಅಯ್ಯನೋರ ಪಾದೋದಕ ತಂದು ನನ್ನ ಬೆನ್ನಿಗೆ ಸುರಿಯುತ್ತಿದ್ದಳು. ಖಾಲಾ ಎಲ್ಲಿಂದಲೋ ಒಂದು ತಾಯಿತ ತಂದು, ಅದು ಕೊರಳಲ್ಲಿ ಮುಂದೆ ಬೀಳದೆ ಬೆನ್ನ ಮೇಲೇ ನಿಲ್ಲುವಂತೆ ದಾರ ಕಟ್ಟಿದರು. ಮೊಹರಂನಲ್ಲಿ ಬೆಂಕಿ ಉರಿಯುವ ಅಲಾಯಿ ಕುಣಿಗೆ ನನ್ನ ಕೈಯಿಂದ ಉಪ್ಪು ಹಾಕಿಸಿದರು. ಬೆಂಕಿಯ ಕಡೆಗೆ ಬೆನ್ನು ಮಾಡಿ ನಿಲ್ಲು ಅಂದ ಅಜ್ಜಿಯ ಮಾತಿಗೆ, ಎದುರಾಗಿಯೇ ನಿಲ್ಲಲಿ ಎಂದು ಖಾಲಾ ಅಂದರು. ಇಬ್ಬರೂ ಅಲ್ಲಿಯೇ ವಾದಕ್ಕೆ ನಿಂತರು. ಹೊಗೆಗೆ ನನ್ನ ಕಣ್ಣು ಉರಿಯುತ್ತಿದ್ದವು. ಯಾವ ಕಡೆ ಮುಖ ಮಾಡಿದರೂ ಸರಿ, ಬೇಗ ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿತ್ತು. ಆ ವರ್ಷವೆಲ್ಲ ನನಗೆ ಅನ್ನಿಸಿದ್ದು ಅದೊಂದೇ.

ಹಿಂದಿನ ಎರಡೂ ಹೆರಿಗೆ ಮಸ್ಕಿಯ ಮನೆಯಲ್ಲೇ, ಅಜ್ಜಿಯ ಕೈಯಿಂದಲೇ ಆಗಿದ್ದವು. ಅವ್ವನ ತವರು ಗುರುಗುಂಟಾ. ಅಲ್ಲಿ ಅವಳ ತಾಯಿ ಇರಲಿಲ್ಲ, ಅಣ್ಣ ಅತ್ತಿಗೆ ಇದ್ದರು. ಈ ಸಲ ಮನೆಯೇ ಬೇಡ, ತವರಿಗೆ ಹೋಗಲಿ ಎಂದು ಅಜ್ಜಿಯೇ ಹೇಳಿದಳು. ನಾನು ಅಜ್ಜಿಯ ಜೊತೆ ಉಳಿಯಬೇಕಿತ್ತು. ಆದರೆ ಹೊರಡುವ ದಿನ ಅಜ್ಜಿಗೆ ಜೋರು ಜ್ವರ. ಖಾಲಾ ಸಿಂಧನೂರಿಗೆ ಮದುವೆಗೆ ಹೋಗಿದ್ದರು. ಅಜ್ಜಿಯನ್ನೂ ಅಂಗಡಿಯನ್ನೂ ಬಿಟ್ಟು ಅಪ್ಪ ಬರುವ ಹಾಗಿರಲಿಲ್ಲ. ಲಿಂಗಸುಗೂರಿನ ಮೋಟಾರ್ ಸ್ಟ್ಯಾಂಡಿಗೆ ಗುರುಗುಂಟಾದ ಮಾವ ಗಾಡಿ ತರುತ್ತಾನೆ ಅಂದುಕೊಂಡು ಅಪ್ಪ ನಮ್ಮಿಬ್ಬರನ್ನು ಮೋಟಾರು ಹತ್ತಿಸಿದ. ನಾನು ಅವ್ವನ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ಕೂತರೆ ಬೆನ್ನು ಕಾಣುವ ಭಯವಿಲ್ಲ.

ರಸ್ತೆ ಕೆಟ್ಟದ್ದು. ದಾರಿಯಲ್ಲೇ ಅವ್ವನಿಗೆ ನೋವು ಬಂತು. ಮುಂದಿನ ಸೀಟಿನ ಕಬ್ಬಿಣದ ಹಿಡಿ ಹಿಡಿದು ತಲೆ ಬಗ್ಗಿಸಿದ ಅವಳು ಮತ್ತೆ ಎತ್ತಲಿಲ್ಲ. ಹೆಂಗಸರೆಲ್ಲ ಕೂಗಾಡಿದ್ದಕ್ಕೆ ಡ್ರೈವರ್ ಸ್ಟ್ಯಾಂಡಿಗೆ ಹೋಗದೆ ಲಿಂಗಸುಗೂರಿನ ಸರಕಾರಿ ದವಾಖಾನೆಯ ಮುಂದೆಯೇ ಮೋಟಾರು ನಿಲ್ಲಿಸಿದ. ಬಿಳಿ ಸೀರೆಯ, ಕಪ್ಪು ದಾರದಲ್ಲಿ ಶಿಲುಬೆ ಹಾಕಿಕೊಂಡಿದ್ದ ನರ್ಸಮ್ಮ ಓಡಿ ಬಂದು ಅವ್ವನ ಕಂಕುಳಿಗೆ ಕೈ ಕೊಟ್ಟು ಒಳಗೆ ಒಯ್ದಳು. ನಾನು ಕಟ್ಟೆಯ ಮೇಲೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಕೂಸು ಅತ್ತಿದ್ದು ಕೇಳಿಸಿತು. ಕೂಸಿಗೆ ಜೀವವಿದೆ ಅಂದುಕೊಂಡೆ. ಸಂತೋಷವಾಗಲಿಲ್ಲ. ಇನ್ನು ವಾರ ಕಳೆಯಬೇಕಲ್ಲ ಅನ್ನಿಸಿತು.

ಒಳಗೆ ಕರೆದಾಗ ಬಾಗಿಲಲ್ಲೇ ನಿಂತು ನೋಡಿದೆ. ಗಂಡು ಕೂಸು. ಅವ್ವ ನನಗೆ ನೀರು ತರಲು ಹೇಳಿದಳು. ನಾನು ರೂಢಿಯಂತೆ ಹಿಂದಹಿಂದಕ್ಕೆ ನಡೆದೆ. ಪಕ್ಕದ ಮಂಚದಲ್ಲಿ ಒಬ್ಬಳು ತೆಲುಗು ಹೆಂಗಸು ಇದ್ದಳು. ಕಾಲುವೆ ಕೆಲಸಕ್ಕೆ ಬಂದವರ ಗುಡಿಸಲಿನವಳು. ನಾನು ನೀರು ತಂದುಕೊಟ್ಟು ಮತ್ತೆ ಹಿಂದಕ್ಕೆ ಸರಿದಾಗ ಅವಳು ಎದ್ದು ಕೂತಳು.

"ಅಕ್ಕಾ, ನಿನ್ನ ಮಗಳು ಯಾಕ ಹಂಗ ನಡೀತಾಳ?"

ಅವ್ವ ಹೇಳಿದಳು. ಎಲ್ಲವನ್ನೂ ಹೇಳಿದಳು.

"ಮಾ ಊರಾಗ ಹಂಗಿಲ್ಲಕ್ಕಾ. ಹುಟ್ಟಿದ ಕೂಸನ್ನ ಮೊದ್ಲು ಅಕ್ಕನ ಬೆನ್ನ ಮ್ಯಾಲೇ ಮಲಗಿಸ್ತಾರ. ಅಕ್ಕನ ಗಟ್ಟಿ ತಮ್ಮಗ ಬರ್ತೈತಿ" ಅಂದಳು ಅವಳು.

ಅವ್ವ ಕೂಸಿಗೆ ಬಟ್ಟೆ ಬಿಗಿಯಾಗಿ ಸುತ್ತಿದಳು. ಆಮೇಲೆ ನನ್ನನ್ನು ಕರೆದಳು.

"ಬಾ ಇಲ್ಲಿ. ಬೋರಲ ಮಲಗು."

"ಅಜ್ಜಿ ಬೈತಾಳ ಯವ್ವಾ."

"ಇಷ್ಟ ದಿನ ಎಲ್ಲಾರ ಮಾತು ಕೇಳೀನಿ. ಇಕಿದೂ ಒಂದು ಕೇಳಿಬಿಡ್ತೀನಿ. ಮಲಗು."

ಮಂಚದ ತುದಿಗೆ ಬೋರಲು ಮಲಗಿದೆ. ಅವ್ವ ಕೂಸನ್ನು ನನ್ನ ಬೆನ್ನ ಮೇಲಿಟ್ಟು ಒಂದು ಕೈ ಅಡ್ಡ ಹಿಡಿದಳು. ಬೆಚ್ಚಗಿತ್ತು. ಅಂದುಕೊಂಡಷ್ಟು ಭಾರವಿರಲಿಲ್ಲ. ನಾನು ಉಸಿರು ಬಿಗಿಹಿಡಿದೆ, ನನ್ನ ಉಸಿರಿಗೆ ಅದು ಎಲ್ಲಿ ಬಾಗುತ್ತದೋ ಎಂದು.

ಅಷ್ಟರಲ್ಲಿ ನರ್ಸಮ್ಮ ಬಂದು, "ಏನ್ ಮಾಡಾಕತ್ತೀರಿ? ಕೂಸು ಬಿದ್ದರ ಏನ್ ಗತಿ?" ಎಂದು ಕೂಸನ್ನು ಎತ್ತಿಕೊಂಡಳು. ಅವ್ವ ಮತ್ತೆ ಅದೇ ಕತೆ ಹೇಳಬೇಕಾಯಿತು. ನರ್ಸಮ್ಮ ಬೈಯುವುದನ್ನು ನಿಲ್ಲಿಸಿ ಮಂಚದ ಮೇಲೆ ಕೂತಳು.

"ಆ ಮಕ್ಕಳ ಹೊಕ್ಕಳಬಳ್ಳಿ ಏನಿಲೆ ಕೊಯ್ದಿದ್ರು?"

"ಕುಡುಗೋಲಿಲೆ."

"ಕುದಿಸಿದ್ರೇನು ಅದನ್ನ?"

"ಕುಡುಗೋಲ ಯಾರು ಕುದಿಸ್ತಾರ್ರೀ?"

"ಮ್ಯಾಲೆ ಏನು ಹಚ್ಚಿದ್ರು?"

"ಬೂದಿ. ಸಗಣಿ ಕುಳ್ಳಿನ ಬೂದಿ. ನಮ್ಮತ್ತಿ ಅರಿವ್ಯಾಗ ಸೋಸಿ ಸೋಸಿ ನುಣ್ಣಗ ಮಾಡಿ ಹಚ್ಚಿದ್ಲು."

ನರ್ಸಮ್ಮ ಕೂಸಿನ ಹೊಕ್ಕಳಿಗೆ ಕಟ್ಟಿದ್ದ ಬಟ್ಟೆ ಸರಿಮಾಡಿದಳು. "ಅದರಿಂದ ಧನುರ್ವಾಯು ಆಗತೈತಮ್ಮಾ. ದವಡಿ ಕಚ್ಚತೈತಿ, ಮೈ ಬಾಗತೈತಿ. ಈ ಹುಡುಗಿ ಬೆನ್ನಿಗೂ ಅದಕ್ಕೂ ಸಂಬಂಧಿಲ್ಲ. ನಾ ಕತ್ತರಿ ಕುದಿಸೀನಿ. ಇವನಿಗೆ ಏನೂ ಆಗಂಗಿಲ್ಲ." ಹಾಗೆ ಹೇಳಿದವಳೇ ಕೂಸಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಎಳೆದು ಹೊರಗೆ ಹೋದಳು.

ಅವ್ವ ಗೋಡೆಯ ಕಡೆ ಹೊರಳಿದಳು. ಬಹಳ ಹೊತ್ತಿನ ಮೇಲೆ ಎದ್ದು ಕೂತು, ಗಂಟಿನಿಂದ ಬಾಚಣಿಕೆ ತೆಗೆದು, "ಕೂಡು" ಅಂದಳು. ನಾನು ಅವಳ ಕಡೆ ಮುಖ ಮಾಡಿ ಕೂತೆ. ಅವಳು ಭುಜ ಹಿಡಿದು ನನ್ನನ್ನು ತಿರುಗಿಸಿದಳು. ಸಿಕ್ಕು ಬಿಡಿಸುವಾಗ ಅವಳ ಕೈಗೆ ಬಲವೇ ಇರಲಿಲ್ಲ. ನಡುನಡುವೆ ನಿಲ್ಲಿಸಿ ನನ್ನ ಬೆನ್ನಿಗೆ ಹಣೆ ಆನಿಸುತ್ತಿದ್ದಳು.

"ಈ ಮಾತು ಅಜ್ಜಿ ಮುಂದ ಆಡಬ್ಯಾಡ" ಅಂದಳು.

"ಯಾಕ?"

"ಆಕಿ ಕೈಯಿಂದನ ಹೋದ್ವು ಅಂತ ಗೊತ್ತಾದ್ರ ಆಕಿ ಉಳಿಯಂಗಿಲ್ಲ. ನೀನಾದ್ರ ಸಣ್ಣಾಕಿ, ತಡಕೊಳ್ತಿ."

ಕೂಸು ಬದುಕಿತು. ಗುರುಗುಂಟಾದಲ್ಲಿ ಬಾಣಂತನ ಮುಗಿಸಿ ನಾವು ಮಸ್ಕಿಗೆ ಮರಳಿದಾಗ ಅಜ್ಜಿ ಅದು ಪಾದೋದಕದ ಫಲ ಅಂದಳು. ಖಾಲಾ ನನ್ನ ತಾಯಿತ ಮುಟ್ಟಿ ನೋಡಿ ಕಣ್ಣಿಗೆ ಒತ್ತಿಕೊಂಡರು. ಅವ್ವ ಯಾರಿಗೂ ಎದುರು ಹೇಳಲಿಲ್ಲ. ಓಣಿಯ ಬಸುರಿಯರು ಕೇಳಿದರೆ, "ಲಿಂಗಸುಗೂರ ದವಾಖಾನಿ ನಮಗ ಆಗಿಬಂದ ಜಾಗ. ಅಲ್ಲೇ ಹೋಗ್ರಿ" ಎಂದಷ್ಟೇ ಅನ್ನುತ್ತಿದ್ದಳು. ಕತ್ತರಿಯ ಮಾತು, ಕುದಿಯುವ ನೀರಿನ ಮಾತು ಆಡಲಿಲ್ಲ. ಆಗಿಬಂದ ಜಾಗ ಅಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಬ್ಬಳು ಹೋದಳು, ಅವಳನ್ನು ನೋಡಿ ಇನ್ನೊಬ್ಬಳು ಹೋದಳು. ಅಜ್ಜಿಯೂ ಎಲ್ಲರಿಗೂ ಹಾಗೇ ಹೇಳತೊಡಗಿದಳು.

ನಾನು ಮಾತ್ರ ಮನೆಯಲ್ಲಿ ಹಿಂದಕ್ಕೆ ನಡೆಯುವುದನ್ನು ಬಿಡುವ ಹಾಗಿರಲಿಲ್ಲ. ಅಜ್ಜಿ ನೋಡುತ್ತಿದ್ದಳು. ಮೊದಲು ದೋಷವಿದೆ ಎಂದು ನಂಬಿ ನಡೆಯುತ್ತಿದ್ದೆ, ಈಗ ಇಲ್ಲವೆಂದು ಗೊತ್ತಿದ್ದೂ ನಡೆಯಬೇಕು. ಎರಡನೆಯದೇ ಹೆಚ್ಚು ದಣಿಸಿತು. ಅವ್ವ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು, ನಾನೂ ಅವಳನ್ನು ನೋಡುತ್ತ ಸರಿಯುತ್ತಿದ್ದೆ. ಕೆಲವೊಮ್ಮೆ ನಗು ಬರುತ್ತಿತ್ತು. ಹೆಚ್ಚು ಸಲ ಬರುತ್ತಿರಲಿಲ್ಲ.

ಕಾಲುವೆ ನೀರಿನ ಸುದ್ದಿಗೆ ಸಿಂಧನೂರಿನಲ್ಲಿ ಜನ ಹೆಚ್ಚಾದಾಗ ಅಪ್ಪ ಅಂಗಡಿಯನ್ನೂ ಮನೆಯನ್ನೂ ಅಲ್ಲಿಗೆ ಸಾಗಿಸಿದ. ಐವತ್ತಾರರಲ್ಲಿ ಅವ್ವನಿಗೆ ಮತ್ತೆ ದಿನ ತುಂಬಿದವು. ಈ ಸಲ ಅಜ್ಜಿ ಲಿಂಗಸುಗೂರಿಗೆ ತಾನೂ ಬರುತ್ತೇನೆ ಅಂದಳು. ಆಗಿಬಂದ ಜಾಗವನ್ನು ಅವಳೂ ಒಮ್ಮೆ ನೋಡಬೇಕಿತ್ತು. ಅವ್ವ ಬೇಡ ಅನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ.

ಅದೇ ನರ್ಸಮ್ಮ ಇದ್ದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹೆರಿಗೆಗೆ ಮುಂಚೆ ಸ್ಟೋವಿನ ಮೇಲೆ ಕತ್ತರಿ ಕುದಿಯುತ್ತಿತ್ತು. ಅಜ್ಜಿ ಕಟ್ಟೆಯಿಂದ ಎದ್ದು ಹೋಗಿ ಪಾತ್ರೆಯೊಳಗೆ ಇಣುಕಿದಳು.

"ಇದನ್ಯಾಕ ಕುದಿಸ್ತೀಯವ್ವ?"

ನರ್ಸಮ್ಮನಿಗೆ ಇವಳು ಯಾರೆಂದು ಗೊತ್ತಿರಲಿಲ್ಲ. ಎಲ್ಲರಿಗೂ ಹೇಳುವಂತೆ ಹೇಳಿದಳು. ಕುದಿಸದ ಕುಡುಗೋಲು, ಬೂದಿ, ದವಡೆ ಕಚ್ಚುವುದು, ಮೈ ಬಾಗುವುದು. ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯಬೇಕು ಅನ್ನಿಸಿದರೂ ಯಾವ ಮಾತಿನಿಂದ ತಡೆಯಬೇಕೋ ತಿಳಿಯಲಿಲ್ಲ. ಅಜ್ಜಿ ಪೂರ್ತಿ ಕೇಳಿದಳು. "ಹೌದಾ" ಅಂದಳು. ಮರಳಿ ಬಂದು ಕಟ್ಟೆಯ ಮೇಲೆ ಕೂತಳು. ಹೆಣ್ಣು ಹುಟ್ಟಿತು ಎಂದು ಹೇಳಿದರೂ ಏಳಲಿಲ್ಲ. ಸಂಜೆ ಬುತ್ತಿಯ ರೊಟ್ಟಿ ಮುಂದಿಟ್ಟೆ, ಮುಟ್ಟಲಿಲ್ಲ. ನಾನು ಎದ್ದು ಎದುರುಮುಖವಾಗಿಯೇ ಹಿಂದಕ್ಕೆ ಸರಿಯುತ್ತಿದ್ದಾಗ, "ಸರಳ ನಡಿಯವ್ವ" ಅಂದಳು. ಅಷ್ಟೇ.

ಮರಳುವ ದಿನ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಬಳಿ ಕೂತಿದ್ದಳು. ಅವ್ವ ನಡುವೆ, ನಾನು ಈ ಕಡೆ. ಬಿಸಿಲು ಬಲಿಯುತ್ತಿತ್ತು. ಮಸ್ಕಿ ದಾಟುವಾಗ ಕೂಸು ಒಂದೇ ಸಮ ಅಳತೊಡಗಿತು.

"ಅತ್ತೀ, ಇದನ್ನಷ್ಟು ಹಿಡೀರಿ" ಅಂದಳು ಅವ್ವ.

ಅಜ್ಜಿ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ ಬ್ಯಾಡ. ನನ್ನ ಕೈ ಛಲೋ ಅಲ್ಲ."

ಅವ್ವ ಅವಳ ಸೆರಗು ಸರಿಸಿ ಕೂಸನ್ನು ಮಡಿಲಿಗೆ ಹಾಕಿಯೇ ಬಿಟ್ಟಳು.

"ಸಾಕ ಮಾಡ್ರಿ. ನನಗ ಕೈ ಸೋತಾವು."

ಅಜ್ಜಿ ಮೊದಲು ಮುಟ್ಟಲಿಲ್ಲ. ಬಸ್ಸು ತಗ್ಗಿಗೆ ಇಳಿದು ಎದ್ದಾಗ ಕೂಸು ಜಾರಿತು, ಆಗ ಎರಡೂ ಕೈಯಿಂದ ಹಿಡಿದಳು. ಅವ್ವ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಸಿಂಧನೂರು ಬರುವವರೆಗೂ ಎಚ್ಚರವಾಗಲಿಲ್ಲ.