ಕಣ್ಣು ಮುಚ್ಚಿ ಯೋಚಿಸುವವನು

ಮೆಲ್ವಿನ್‌ಗೆ ಸಿಗಬೇಕಾಗಿದ್ದ ಕೆಲಸವನ್ನು ನಾನು ಒಂದು ಮಿಮಿಕ್ರಿಯಿಂದ ಹಾಳುಮಾಡಿದೆ. ಹಾಳೆಂದರೆ — ಕೆಲಸವೇನೂ ಹಾಳಾಗಲಿಲ್ಲ, ನನಗೇ ಸಿಕ್ಕಿತು.

ಎಲ್ಲರನ್ನೂ ಅಣಕಿಸುವುದು ನನ್ನ ಹುಟ್ಟುಗುಣ. ಅಡಿಲೇಡಿನ ನಮ್ಮ ವಿಭಾಗದ ಮುಖ್ಯಸ್ಥರ ಕೆಮ್ಮು, ಪ್ರಾಸ್ಪೆಕ್ಟ್ ರಸ್ತೆಯ ಅಂಗಡಿ ಆಂಟಿ 'ಕರಿಬೇವು ನಾಳೆ ಬರುತ್ತೆ' ಅನ್ನುವ ಧಾಟಿ, ಏನೂ ಅರ್ಥವಾಗದೆ ಸೆಮಿನಾರಿನಲ್ಲಿ ತಲೆಯಾಡಿಸುವ ನಾನು — ಯಾರನ್ನೂ ಬಿಟ್ಟವನಲ್ಲ. ಆದರೆ ಎಲ್ಲರೂ ಕೇಳಿ ಮಾಡಿಸುತ್ತಿದ್ದ ಐಟಂ ಮಾತ್ರ ಮೆಲ್ವಿನ್‌ದು.

ಮಂಗಳೂರಿನವನು, ಬೆಳೆದದ್ದು ಮಸ್ಕತ್‌ನಲ್ಲಿ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಥಿಯರೆಟಿಕಲ್ ಫಿಸಿಕ್ಸ್ ಮಾಡುತ್ತಿದ್ದ ಪೋಸ್ಟ್‌ಡಾಕ್‌ಗಳು — ಪಿಎಚ್‌ಡಿ ಆದಮೇಲೆ ಕರಾರಿನ ಮೇಲಿರುವ ಸಂಶೋಧಕರು. ಯಂತ್ರವಿಲ್ಲ, ಪ್ರಯೋಗವಿಲ್ಲ; ಬೋರ್ಡು, ಮಾರ್ಕರು, ತಲೆ, ಅಷ್ಟೆ. ಕಷ್ಟದ ಪ್ರಶ್ನೆ ಬಂದರೆ ಮೆಲ್ವಿನ್ ಮಾರ್ಕರನ್ನು ಹಣೆಗೊತ್ತಿ ಕಣ್ಣು ಮುಚ್ಚುತ್ತಿದ್ದ. ಎಷ್ಟೋ ಹೊತ್ತು. ಹಣೆಯ ಮೇಲೆ ನೀಲಿ ಚುಕ್ಕೆ. ಆದರೆ ಕಣ್ಣು ತೆರೆದು ಅವನು ಕೊಟ್ಟ ಉತ್ತರ ತಪ್ಪಿದ್ದನ್ನು ನಾನು ಕಂಡಿಲ್ಲ.

ಇಬ್ಬರ ಕರಾರೂ ಮುಗಿಯುತ್ತ ಬಂದಿತ್ತು. ನಮಗೆ ಹೊಂದುವಂಥ ಹುದ್ದೆ ಆಗ ಇದ್ದದ್ದು ಬ್ರಿಸ್ಬೇನಿನಲ್ಲಿ, ಒಂದೇ ಒಂದು. ಇಬ್ಬರೂ ಅರ್ಜಿ ಹಾಕಿದೆವು. ಅಲ್ಲಿಂದ ಒಬ್ಬ ಪ್ರೊಫೆಸರಮ್ಮ ಉಪನ್ಯಾಸಕ್ಕೆ ಬಂದಾಗ ಮಾಸನ್ ಲೇಕ್ಸ್ ಬಡಾವಣೆಯ ಕೆರೆ ದಂಡೆಯಲ್ಲಿ ಬಾರ್ಬಿಕ್ಯೂ ಇಟ್ಟುಕೊಂಡೆವು. ಅವರು ಆಯ್ಕೆ ಸಮಿತಿಯಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಮೆಲ್ವಿನ್‌ಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

"ಮೆಲ್ವಿನ್‌ದು ಮಾಡು" ಎಂದರು ಗೆಳೆಯರು. ಮಾಡಬಾರದಿತ್ತು — ಅಲ್ಲ, ಮಾಡಬಾರದೆಂದು ಗೊತ್ತಿದ್ದೇ ಮಾಡಿದೆ. ಟೊಮ್ಯಾಟೊ ಸಾಸಿನ ಬಾಟಲಿಯನ್ನು ಹಣೆಗೊತ್ತಿ, ಕಣ್ಣು ಮುಚ್ಚಿ ನಿಂತೆ. ನಿಂತೇ ಇದ್ದೆ. ಕೊನೆಗೆ ಸಣ್ಣದೊಂದು ಗೊರಕೆ ಸೇರಿಸಿದೆ. ಪ್ರೊಫೆಸರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೆಲ್ವಿನ್ ಕೂಡ ನಕ್ಕ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಾನು ನಿಜವಾಗಿ ಅಷ್ಟು ಹೊತ್ತು ನಿಲ್ತೇನಾ ಮಾರಾಯ?" ಎಂದ.

"ಇನ್ನೂ ಜಾಸ್ತಿ ಕಣೋ. ಜನ ಕಾಫಿ ಕುಡ್ಕೊಂಡು ಬರ್ತಾರೆ."

ಸಂದರ್ಶನ ವಿಡಿಯೋದಲ್ಲಿ ನಡೆಯಿತು. ಪರದೆಯ ಮೇಲೆ ಅದೇ ಪ್ರೊಫೆಸರಮ್ಮ. ಪ್ರಶ್ನೆ ಬಂತು, ಮೆಲ್ವಿನ್ ಕಣ್ಣು ಮುಚ್ಚಲಿಲ್ಲ. ತಟ್ಟನೆ ಉತ್ತರಿಸಿದ — ತಪ್ಪು. ಮುಂದಿನದೂ ತಟ್ಟನೆ, ಅದೂ ತಪ್ಪು. "ನಿದ್ದೆ ಮಾಡ್ತಿದ್ದಾನೆ ಅಂತ ಎಣಿಸಿಯಾರು ಅಂತ ಹೆದರಿಕೆ ಆಯ್ತು" ಎಂದು ಹೊರಗೆ ಬಂದು ಅವನೇ ಎಲ್ಲ ಹೇಳಿದ. ನನ್ನದೋ — ಪಟಪಟ ಮಾತಾಡುವುದು ನನಗೆ ಯಾವಾಗ ಕಷ್ಟವಾಗಿತ್ತು?

ನಾನು ಬ್ರಿಸ್ಬೇನಿಗೆ ಹೋದೆ. ಅವನ ಹೆಂಡತಿಗೆ ಪರ್ತ್‌ನಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವನು ಅಲ್ಲೇ ಒಂದು ಗಣಿ ಕಂಪನಿ ಸೇರಿದ. ಫಿಸಿಕ್ಸ್ ಅಲ್ಲಿಗೆ ನಿಂತಿತು. ನಮ್ಮ ಈ ಕಸುಬಿನಲ್ಲಿ ಕೆಲವು ವರ್ಷ ಪೇಪರ್ ಬರೆಯದವನನ್ನು ಯಾರೂ ವಾಪಸು ಕರೆಯುವುದಿಲ್ಲ.

ಎಷ್ಟೋ ವರ್ಷದ ಮೇಲೆ ಪರ್ತ್‌ನಲ್ಲಿ ಸಮ್ಮೇಳನವಿದ್ದಾಗ ಅವನ ಮನೆಗೆ ಹೋದೆ. ಅವನು ಬಂಗುಡೆ ಹುರಿಯುತ್ತಿದ್ದ. ಪಕ್ಕದಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ — ಸಮಿತಿಯ ವಿಷಯವನ್ನೂ. ಅವನು ಒಲೆ ಆರಿಸಿದ. ಅವನು ಬಾಯಿ ತೆರೆಯುವ ಮೊದಲೇ, "ನಮ್ಮಲ್ಲೊಂದು ಜಾಗ ಖಾಲಿಯಾಗ್ತಿದೆ, ನಾನು ಮಾತಾಡ್ತೀನಿ" ಎಂದೆ.

ಅವನು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ — ಇದ್ದಿದ್ದರೆ ಚೆನ್ನಾಗಿತ್ತು.

"ನನ್ನ ಹಾಗೆ ಕಣ್ಣು ಮುಚ್ಚಿ ಎಷ್ಟು ಸಲ ನಿಂತಿದ್ದಿ ನೀನು. ಒಂದ್ಸಲ ಆದ್ರೂ ಯೋಚನೆ ಮಾಡ್ಬಹುದಿತ್ತು ಮಾರಾಯ."